'ಇಲ್ಲ' ಅನ್ನುವುದಕ್ಕೂ ವ್ಯಾಕರಣ ಬೇಕು

ಸ್ಪ್ಯಾನಿಷ್ ಕಲಿಯಲು ಹೊರಟವರು ಮೊದಮೊದಲು ತುಂಬ ಒಳ್ಳೆಯ ಜನರಾಗಿರುತ್ತಾರೆ. ಯಾರು ಏನೇ ಹೇಳಲಿ, ತಲೆಯಾಡಿಸುತ್ತಾರೆ. ಇದಕ್ಕೆ ಕಾರಣ ಸಂಸ್ಕಾರವಲ್ಲ, ವ್ಯಾಕರಣ. 'ಇದು ಸರಿ ಅಂತ ಕಾಣುತ್ತೆ' ಅನ್ನಬೇಕಾದರೆ 'ಕ್ರೆಯೊ ಕೆ' ಎಂದು ಶುರು ಮಾಡಿ, 'ಎಸ್' ಎಂಬ ಸಾದಾ ಕ್ರಿಯಾಪದ ಹಾಕಿದರೆ ಆಯಿತು. 'ನನಗೆ ಹಾಗೆ ಕಾಣಲ್ಲ' ಅನ್ನಹೊರಟಿರೋ, 'ನೋ ಕ್ರೆಯೊ ಕೆ' ಅಂದ ಮರುಕ್ಷಣ ಅದೇ ಕ್ರಿಯಾಪದ ವೇಷ ಬದಲಿಸಿ 'ಸೆಯಾ' ಆಗಬೇಕು. ಸಬ್ಜಂಕ್ಟಿವ್ ಅಂತ ಇದರ ಹೆಸರು. ಆ ರೂಪ ನಾಲಿಗೆಗೆ ಬರುವಷ್ಟರಲ್ಲಿ ಎದುರಿನವರು ರಾಜಕೀಯ ಮುಗಿಸಿ ಫುಟ್‌ಬಾಲಿಗೆ ಹೋಗಿರುತ್ತಾರೆ. ಒಪ್ಪುವುದಕ್ಕಾದರೆ 'ಬಾಲೆ' ಎಂಬ ಒಂದೇ ಮಾತು ಸಾಕು. ಕನ್ನಡದ ಕಿವಿಗೆ ಯಾವುದೋ ಹುಡುಗಿಯನ್ನು ಕೂಗಿದಂತೆ ಕೇಳಿಸುತ್ತದೆ, 'ಸರಿ' ಅಂತ ಅಷ್ಟೇ. ಹೀಗೆ ಮ್ಯಾಡ್ರಿಡ್‌ನಲ್ಲಿ ಬಹುಕಾಲ ನಾನು ಎಲ್ಲ ಪಕ್ಷಗಳಿಗೂ ಬೆಂಬಲಿಗ, ರಿಯಲ್ ಮ್ಯಾಡ್ರಿಡ್‌ಗೂ ಅಟ್ಲೆಟಿಕೊಗೂ ಏಕಕಾಲಕ್ಕೆ ಅಭಿಮಾನಿ.

ಇಷ್ಟಾನಿಷ್ಟದ ಮಾತು ಬಂದಾಗ ಮಾತ್ರ ನಾನೇ ಮೇಲು. ಅವರದೂ ನಮ್ಮ ಹಾಗೆ 'ನನಗೆ ಇಷ್ಟ'. ತರಗತಿಯಲ್ಲಿ ಇಂಗ್ಲಿಷಿನವರು 'ನಾನು'ವಿನಿಂದ 'ನನಗೆ'ಗೆ ಹೊರಳಲಾರದೆ ಬೆವರುತ್ತಿದ್ದರೆ, ನಾನು 'ಆ ಮಿ ತಂಬಿಯೆನ್', ನನಗೂ, ಎಂದು ಕಾಲು ಚಾಚಿ ಕೂತಿರುತ್ತಿದ್ದೆ.

ಸ್ಪೇನಿನವರು ಒಪ್ಪದೇ ಇರುವುದನ್ನು ನೋಡಬೇಕಾದರೆ ಯಾವುದಾದರೂ ಬಾರಿಗೆ ಹೋಗಿ ತೊರ್ತಿಯಾದ ಮಾತೆತ್ತಬೇಕು. ಮೊಟ್ಟೆ, ಆಲೂಗಡ್ಡೆ, ಆಲಿವ್ ಎಣ್ಣೆ, ಇಲ್ಲಿಯವರೆಗೆ ದೇಶ ಒಂದು. ಈರುಳ್ಳಿ ಬಂದ ಕೂಡಲೇ ಎರಡು. ಹಾಕಬೇಕೆನ್ನುವವರು ಕೊನ್‌ಥೆಬೊಯಿಸ್ತರು, ಕೂಡದೆನ್ನುವವರು ಸಿನ್‌ಥೆಬೊಯಿಸ್ತರು. ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಎರಡು ಮಠಗಳೂ ಒಂದು ಕೋರ್ಟ್ ಕೇಸೂ ಆಗಿರುತ್ತಿದ್ದವು.

ವಾದ ಶುರುವಾಗುವುದು 'ಓಂಬ್ರೆ' ಎಂದು. ಗಂಡಸೇ ಅಂತ ಅರ್ಥ. ಹೆಂಗಸರನ್ನೂ ಹಾಗೇ ಕರೆದು ವಾದಕ್ಕಿಳಿಯುತ್ತಾರೆ. ಆಮೇಲೆ 'ತಿಯೆನೆಸ್ ರಥೋನ್', ನೀನು ಹೇಳೋದು ಸರಿ. ಸಭ್ಯತೆಯ ಪಾಲು ಅಷ್ಟಕ್ಕೆ ಸಂದಾಯವಾಯಿತು. ಬೆನ್ನಿಗೇ 'ಪೆರೊ' ಬರುತ್ತದೆ, ಅಂದರೆ 'ಆದರೆ'. ಅಲ್ಲಿಂದ ಮುಂದೆ ಯಾರೂ ಯಾರ ಮಾತನ್ನೂ ಪೂರ್ತಿ ಕೇಳುವುದಿಲ್ಲ. ನಡುವೆ ಬಾಯಿ ಹಾಕುವುದು ಅಲ್ಲಿ ಒರಟುತನವಲ್ಲ, ನೀವು ಮನಸ್ಸಿಟ್ಟು ಕೇಳುತ್ತಿದ್ದೀರಿ ಎಂಬುದಕ್ಕೆ ರುಜುವಾತು. ನಾನು ಮನೆಯಲ್ಲಿ ಕಲಿಸಿದ ಹಾಗೆ ನನ್ನ ಸರದಿಗೆ ಕಾದು ಕೂತೆ. ಪಕ್ಕದವರು ಭುಜ ಮುಟ್ಟಿ, ಮೈ ಹುಷಾರಿಲ್ಲವೇ ಎಂದು ವಿಚಾರಿಸಿದರು.

ಅಟ್ಲಾಂಟಿಕ್ ದಾಟಿ ಮೆಕ್ಸಿಕೊಗೆ ಹೋದರೆ ಅಲ್ಲಿ 'ಇಲ್ಲ' ಎಂಬ ಪದವನ್ನೇ ಉಳಿತಾಯ ಮಾಡುತ್ತಾರೆ. ಅಂಗಡಿಯವರು 'ಫಿಹೆಸೆ ಕೆ', ಏನಾಯ್ತು ಗೊತ್ತಾ, ಎಂದು ನಯವಾಗಿ ರಾಗ ತೆಗೆದರೆ ನಿಮ್ಮ ಸಾಮಾನು ಬಂದಿಲ್ಲವೆಂದೇ ಲೆಕ್ಕ. 'ಅವೊರಿತಾ' ಅಂದರೆ ಈಗಲೇ. ಆ 'ಈಗ' ಐದು ನಿಮಿಷದಿಂದ ಹಿಡಿದು ಮುಂದಿನ ಜನ್ಮದವರೆಗೆ ಚಾಚಿಕೊಂಡಿದೆ. ಉಪ್ಪಿಟ್ಟು ಕಾಫಿ ಮುಗಿಸಿ, 'ಊರಿಗೆ ಹೋಗಿ ಪತ್ರ ಬರೀತೀವಿ' ಎಂದು ಹೆಣ್ಣು ಬೇಡವೆನ್ನುತ್ತಿದ್ದ ನಮ್ಮ ಹಿರಿಯರು ಅಲ್ಲಿ ಪಾಸ್‌ಪೋರ್ಟ್ ಇಲ್ಲದೆಯೇ ಬಾಳಬಹುದಿತ್ತು.

ಇಷ್ಟೆಲ್ಲ ನಯವಿದ್ದೂ ಆ ಭಾಷೆಯಲ್ಲಿ ಜಗತ್ಪ್ರಸಿದ್ಧವಾದ ಅಸಮ್ಮತಿ ಯಾವುದೆನ್ನುತ್ತೀರಿ? 2007ರ ನವೆಂಬರ್‌ನಲ್ಲಿ ಚಿಲಿಯ ಸಾಂತಿಯಾಗೊದಲ್ಲಿ ಐಬೆರೊ-ಅಮೆರಿಕನ್ ಶೃಂಗಸಭೆ. ವೆನೆಜುವೆಲಾದ ಅಧ್ಯಕ್ಷ ಊಗೊ ಚಾವೆಸ್, ಸ್ಪೇನಿನ ಮಾಜಿ ಪ್ರಧಾನಿ ಅಸ್ನಾರ್ ಅವರನ್ನು ಫ್ಯಾಸಿಸ್ಟ್ ಎಂದರು. ಆಗಿನ ಪ್ರಧಾನಿ ಸಪತೆರೊ, ಅಸ್ನಾರ್ ಅವರ ಕಟ್ಟಾ ಎದುರಾಳಿ. ಆದರೂ, ಅವರ ವಿಚಾರಗಳಿಗೂ ನನಗೂ ಬಲು ದೂರ, ಆದರೆ ಅವರು ಜನ ಆರಿಸಿದವರು, ಗೌರವ ಸಲ್ಲಬೇಕು ಎಂದು ಮೆಲ್ಲಗೆ, ಅಳೆದು ತೂಗಿ ವಿವರಿಸತೊಡಗಿದರು. ಸ್ಪ್ಯಾನಿಷ್ ಮೇಷ್ಟರು ಹತ್ತಕ್ಕೆ ಹತ್ತು ಕೊಡಬೇಕಾದ ಭಾಷಣ. ಚಾವೆಸ್ ಮಾತ್ರ ಮೈಕ್ ಬಂದಾಗಿದ್ದರೂ ನಡುನಡುವೆ ಬಾಯಿ ಹಾಕುತ್ತಲೇ ಇದ್ದರು. ಆಗ ಸಪತೆರೊ ಪಕ್ಕದಲ್ಲಿದ್ದ ದೊರೆ ಹ್ವಾನ್ ಕಾರ್ಲೋಸ್ ಮುಂದಕ್ಕೆ ಬಾಗಿ, 'ನೀನ್ಯಾಕೆ ಬಾಯಿ ಮುಚ್ಚಬಾರದು?' ಎಂದುಬಿಟ್ಟರು. 'ನೀವು' ಅಲ್ಲ, 'ನೀನು'. ಸಪತೆರೊ ಪಟ್ಟ ಶ್ರಮ ಗಾಳಿಗೆ ಹೋಯಿತು. ದೊರೆಯ ಮಾತು ಮೊಬೈಲ್ ರಿಂಗ್‌ಟೋನ್ ಆಯಿತು, ಟೀ ಶರ್ಟ್ ಮೇಲೆ ಅಚ್ಚಾಗಿ ಮಾರಾಟವಾಯಿತು.

ದೊರೆಗಳದು ಹಾಗಾಯಿತು, ಪಂಡಿತರಾದರೂ ದಾರಿ ತೋರಿಸಿಯಾರೇ? 1713ರಲ್ಲಿ ಹುಟ್ಟಿದ ರಾಯಲ್ ಸ್ಪ್ಯಾನಿಷ್ ಅಕಾಡೆಮಿ 'ಬರೀ' ಅಂತಲೂ 'ಒಂಟಿ' ಅಂತಲೂ ಅರ್ಥ ಕೊಡುವ 'ಸೋಲೊ' ಎಂಬ ಪದದ ನೆತ್ತಿಯ ಮೇಲಿನ ಪುಟ್ಟ ಗೀಟು ಬೇಡವೆಂದು 2010ರಲ್ಲಿ ಸಲಹೆ ಕೊಟ್ಟಿತು. ಎಷ್ಟೋ ಲೇಖಕರು ಗೀಟು ಬಿಡಲೊಪ್ಪಲಿಲ್ಲ. 2023ರ ಮಾರ್ಚ್‌ನಲ್ಲಿ ಅಕಾಡೆಮಿ ಮತ್ತೆ ಸಭೆ ಸೇರಿತು. ಅರ್ಥ ಗೊಂದಲವಾಗುತ್ತದೆಂದು ಬರೆಯುವವರಿಗೆ ಅನ್ನಿಸಿದಲ್ಲಿ ಗೀಟು ಹಾಕಬಹುದು, ಉಳಿದೆಡೆ ಕೂಡದು ಎಂದು ತೀರ್ಮಾನ ಹೊರಬಿತ್ತು. ಬಿದ್ದದ್ದೇ ತಡ, ಅಕಾಡೆಮಿಯ ಸದಸ್ಯರೇ ಆದ ಕಾದಂಬರಿಕಾರ ಪೆರೆಸ್-ರೆವೆರ್ತೆ, ಅಕಾಡೆಮಿ ಹೊರಗೆ ತಿಳಿಸಿದ ಸುದ್ದಿಯೇ ಸರಿಯಿಲ್ಲವೆಂದು ಟ್ವಿಟರ್‌ನಲ್ಲಿ ತಕರಾರೆತ್ತಿದರು. ಗೀಟಿನ ಜಗಳ ಹೋಗಿ, ತಾವು ಒಪ್ಪಿದ್ದು ಏನನ್ನು ಎಂಬುದರ ಮೇಲೇ ಹೊಸ ಜಗಳ ಹತ್ತಿಕೊಂಡಿತು.