ದೇಶಗಣತಿ ರಾಯರು

ಪ್ರವಾಸ ಮುಗಿಸಿ ಬಂದವರನ್ನು ಲೋಕವೆಲ್ಲ ‘ಹೇಗಿತ್ತು?’ ಎಂದು ಕೇಳಿದರೆ ನಮ್ಮ ರಾಯರು ‘ಎಷ್ಟಾಯ್ತು?’ ಎಂದು ಕೇಳುತ್ತಾರೆ. ಖರ್ಚಿನ ವಿಚಾರವಿರಬೇಕು ಎಂದುಕೊಂಡು ಯಾರಾದರೂ ಲಕ್ಷದ ಲೆಕ್ಕ ಒಪ್ಪಿಸಿದರೆ ಅವರ ಮುಖದಲ್ಲಿ ಕನಿಕರ ಮೂಡುತ್ತದೆ. ‘ದುಡ್ಡಲ್ಲರೀ, ದೇಶ. ದೇಶ ಎಷ್ಟಾಯ್ತು?’

ಪಾರ್ಕಿನ ಕಲ್ಲುಬೆಂಚಿನ ಮಂಡಳಿ ಅವರಿಗೆ ದೇಶಗಣತಿ ರಾಯರು ಎಂದು ನಾಮಕರಣ ಮಾಡಿ ವರ್ಷಗಳೇ ಆದವು. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಮಗ ಮ್ಯೂನಿಕ್‌ನಲ್ಲಿ, ಮಗಳು ಸಿಂಗಪುರದಲ್ಲಿ, ಪಿಂಚಣಿ ಖಾತೆಯಲ್ಲಿ, ಪಾಸ್‌ಪೋರ್ಟ್ ಜೇಬಿನಲ್ಲಿ. ಇಂಥವರು ಈಗ ಬಡಾವಣೆಗೊಬ್ಬರಾದರೂ ಸಿಗುತ್ತಾರೆ. ಆದರೆ ಉಳಿದವರದ್ದು ಬಾಯಿಲೆಕ್ಕ, ನಮ್ಮ ರಾಯರದ್ದು ಡಬಲ್ ಎಂಟ್ರಿ. ಹಳೆಯ ಬ್ಯಾಂಕ್ ಡೈರಿಯೊಂದರಲ್ಲಿ ಕ್ರಮಸಂಖ್ಯೆ, ದೇಶ, ದಿನಾಂಕ, ಪ್ರವೇಶ, ನಿರ್ಗಮನ, ಷರಾ ಎಂದು ಗೀಟು ಹೊಡೆದ ಕಾಲಮ್ಮುಗಳಿವೆ. ಷರಾ ಕಾಲಮ್ಮಿನಲ್ಲಿ ಅವರ ಇಡೀ ಪ್ರವಾಸಸಾಹಿತ್ಯ ಅಡಗಿದೆ. ‘ಇಟಲಿ: ಬಿಸಿಲು. ಸ್ವಿಟ್ಜರ್ಲೆಂಡ್: ದುಬಾರಿ. ವ್ಯಾಟಿಕನ್: ಕ್ಯೂ.’

ಗಣತಿಗೆ ನಿಯಮಗಳಿವೆ. ನೆಲ ಮೆಟ್ಟಿರಬೇಕು, ಆ ನೆಲದಲ್ಲಿ ಏನನ್ನಾದರೂ ಬಾಯಿಗೆ ಹಾಕಿರಬೇಕು. ವಿಮಾನ ಬದಲಿಸಲು ದೋಹಾದಲ್ಲಿ ಇಡೀ ರಾತ್ರಿ ಕುರ್ಚಿಯ ಮೇಲೆ ತೂಕಡಿಸಿದ್ದಕ್ಕೆ ಸೊನ್ನೆ. ಅರ್ಧ ಚದರ ಕಿಲೋಮೀಟರೂ ಇಲ್ಲದ ವ್ಯಾಟಿಕನ್‌ಗೆ ಪೂರ್ತಿ ಒಂದು. ‘ರಷ್ಯಾಕ್ಕೂ ಒಂದೇ, ಇದಕ್ಕೂ ಒಂದೇ. ನಡೆಯೋದು ಕಡಿಮೆ!’ ಲಿಕ್ಟನ್‌ಸ್ಟೈನಿನ ವಾಡುಜ್‌ನಲ್ಲಿ ಪ್ರವಾಸಿ ಕಚೇರಿಯವರು ಕೆಲವು ಫ್ರಾಂಕ್ ತೆಗೆದುಕೊಂಡು ಪಾಸ್‌ಪೋರ್ಟಿಗೆ ನೆನಪಿನ ಮುದ್ರೆ ಒತ್ತಿಕೊಡುತ್ತಾರೆ. ಜಿಪುಣರೆಂದು ಹೆಸರಾದ ರಾಯರು ಯುರೋಪಿನಲ್ಲಿ ಚೌಕಾಸಿ ಮಾಡದೆ ದುಡ್ಡು ಕೊಟ್ಟದ್ದು ಅದೊಂದಕ್ಕೇ.

ನಿಯಮಗಳಿದ್ದ ಮೇಲೆ ವ್ಯಾಜ್ಯವೂ ಇರಲೇಬೇಕಲ್ಲ. ಎದುರು ಮನೆಯ ನಿವೃತ್ತ ಇಂಜಿನಿಯರು 1985ರಲ್ಲಿ ಕಾರ್ಖಾನೆಯ ಕೆಲಸದ ಮೇಲೆ ಮಾಸ್ಕೋಗೆ ಹೋಗಿ, ಬರುವಾಗ ಪ್ರಾಗ್ ನೋಡಿಕೊಂಡು ಬಂದವರು. ಸೋವಿಯತ್ ಒಕ್ಕೂಟ ಒಡೆದು ಹದಿನೈದಾಯಿತು, ಚೆಕೊಸ್ಲೊವಾಕಿಯ 1993ರ ಜನವರಿ 1ರಂದು ಎರಡಾಯಿತು, ಆದ್ದರಿಂದ ತಮ್ಮ ಖಾತೆಯಲ್ಲಿ ಹದಿನೇಳು ಎಂದು ಅವರ ವಾದ. ‘ಶೇರು ಸ್ಪ್ಲಿಟ್ ಆದರೆ ಇಟ್ಟುಕೊಂಡವನಿಗೆ ತಾನೇ ಸೇರೋದು?’ ಎನ್ನುತ್ತಾರೆ. ರಾಯರು ಜಗ್ಗಲಿಲ್ಲ. ‘ತಾಷ್ಕೆಂಟಿಗೆ ಹೋಗಿದ್ರಾ? ಹೋಗಿದ್ರೆ ಉಜ್ಬೇಕಿಸ್ತಾನ ಒಂದು ಕೊಡ್ತೀನಿ. ಕೂತಲ್ಲೇ ಬಡ್ಡಿ ಬೆಳೆಯೋಕೆ ಇದು ಎಫ್‌ಡಿ ಅಲ್ಲ.’ ಎರಡೂ ಮನೆಗಳ ನಡುವೆ ಹಬ್ಬದ ಕೋಸಂಬರಿ ಓಡಾಡುತ್ತದೆ, ಈ ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಇಂಥ ರಾಯರು ಮಗನ ಮನೆಯಿಂದ ವಿಯೆನ್ನಾಕ್ಕೆ ಬಂದಿಳಿದು, ಅಲ್ಲಿಂದ ಬುಡಾಪೆಸ್ಟಿಗೆ ಹೊರಟಾಗ ಕಾರಿನಲ್ಲಿ ಖಾಲಿಯಿದ್ದ ಒಂದು ಸೀಟಿಗೂ ಬಾಡಿಗೆಯ ಒಂದು ಪಾಲಿಗೂ ಜನ ಬೇಕಾಗಿ ನನ್ನನ್ನು ಸೇರಿಸಿಕೊಂಡರು. ನೇರ ರೈಲು ಹಿಡಿದರೆ ಎರಡೂವರೆ ಗಂಟೆಯ ಚಿಲ್ಲರೆ ದಾರಿ, ಟಿಕೆಟ್ಟೂ ಅಗ್ಗ. ಆದರೆ ನೇರ ರೈಲು ಬ್ರಾಟಿಸ್ಲಾವಾಕ್ಕೆ ಹೋಗುವುದಿಲ್ಲ, ಅಂದರೆ ಸ್ಲೋವಾಕಿಯಾ ತಪ್ಪಿಹೋಗುತ್ತದೆ. ಖಾಸಗಿ ಕಾರು ಗೊತ್ತು ಮಾಡಿಕೊಂಡರೆ ಡ್ರೈವರು ಹೋಟೆಲ್ ಬಾಗಿಲಿಗೆ ಬಂದು, ದಾರಿಯಲ್ಲಿ ಹೇಳಿದ ಕಡೆ ನಿಲ್ಲಿಸಿ, ನೋಡಿ ಬರುವವರೆಗೆ ಕಾದು, ಸಂಜೆ ಇನ್ನೊಂದು ದೇಶದ ಹೋಟೆಲಿಗೆ ಇಳಿಸುತ್ತಾನೆ. ಬೆಳಿಗ್ಗೆ ಆಸ್ಟ್ರಿಯಾ, ಮಧ್ಯಾಹ್ನ ಸ್ಲೋವಾಕಿಯಾ, ರಾತ್ರಿ ಹಂಗೇರಿ. ರಾಯರು ಬಾಡಿಗೆಯನ್ನು ಮೂರರಿಂದ ಭಾಗಿಸಿ ತೋರಿಸಿದರು. ‘ತಲೆಗಲ್ಲ, ದೇಶಕ್ಕೆ ಭಾಗಿಸಬೇಕು. ಆಗ ರೈಲಿಗಿಂತ ಸಸ್ತಾ.’ ಬ್ಯಾಂಕಿನಲ್ಲಿ ಇವರು ಮಂಜೂರು ಮಾಡಿದ ಸಾಲಗಳ ಬಗ್ಗೆ ಆಗ ನನಗೆ ಸ್ವಲ್ಪ ಆತಂಕವಾಯಿತು.

ಅವರ ಮನೆಯವರು ಹಿಂದಿನ ಸೀಟಿನಲ್ಲಿ ಪುಳಿಯೋಗರೆಯ ಡಬ್ಬಿ, ಮೊಸರವಲಕ್ಕಿ, ಮಂಡಿನೋವಿನ ಎಣ್ಣೆ ಇದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಡ್ರೈವರು ಸ್ಲೋವಾಕ್, ಮಿತಭಾಷಿ. ರಾಯರು ಮುಂದಿನ ಸೀಟಿನಲ್ಲಿ, ಪ್ಲಾಸ್ಟಿಕ್ ಫೈಲು ಎದೆಗವಚಿಕೊಂಡು. ಫೈಲಿನಲ್ಲಿ ಪಾಸ್‌ಪೋರ್ಟುಗಳು, ವೀಸಾದ ಜೆರಾಕ್ಸು, ಇನ್ಶೂರೆನ್ಸು, ಹೋಟೆಲ್ ಬುಕಿಂಗು, ಮಗನ ಪತ್ರ, ಮಗನ ಕಂಪನಿಯ ಪತ್ರ. ಗಡಿಯಲ್ಲಿ ಯಾರು ಏನು ಕೇಳಿದರೂ ಸೈ.

ಯಾರೂ ಏನೂ ಕೇಳಲಿಲ್ಲ. ವಿಯೆನ್ನಾ ಬಿಟ್ಟು ಗಾಳಿಯಂತ್ರಗಳ ಸಾಲು ದಾಟಿ, ಎಪ್ಪತ್ತು ಕಿಲೋಮೀಟರಿನಷ್ಟು ಬರುವುದರೊಳಗೆ ದೇಶ ಮುಗಿದೇಹೋಯಿತು. ಕಿಟ್‌ಸೇ ಎಂಬ ಊರಿನ ಬಳಿ ಹೆದ್ದಾರಿಯ ಪಕ್ಕ ನೀಲಿ ಫಲಕ, ಹನ್ನೆರಡು ನಕ್ಷತ್ರಗಳ ಬಳೆ, ನಡುವೆ ಸ್ಲೋವಾಕಿಯಾದ ಹೆಸರು. ‘ನಿಲ್ಲಿಸಿ, ನಿಲ್ಲಿಸಿ’ ಎಂದರು ರಾಯರು. ಹೆದ್ದಾರಿಯಲ್ಲಿ ನಿಲ್ಲಿಸುವಂತಿಲ್ಲ ಎಂದ ಡ್ರೈವರು. ಹಿಂದಿನಿಂದ ಮನೆಯವರು ಮೊಬೈಲಿನಲ್ಲಿ ಹಿಡಿದ ಚಿತ್ರದಲ್ಲಿ ಒಂದು ಲಾರಿ ಚೆನ್ನಾಗಿ ಬಂದಿತ್ತು.

‘ಗಾರ್ಡು ಎಲ್ಲಿ? ಗೇಟು ಎಲ್ಲಿ?’

ಅದಕ್ಕೆ ಉತ್ತರ ಲಕ್ಸೆಂಬರ್ಗಿನಲ್ಲಿದೆ. 1985ರ ಜೂನ್ 14ರಂದು ಅಲ್ಲಿನ ಶೆಂಗೆನ್ ಎಂಬ ಹಳ್ಳಿಯ ಹತ್ತಿರ, ಮೊಸೆಲ್ ನದಿಯ ಮೇಲೆ ನಿಂತ ಹಡಗಿನಲ್ಲಿ ಐದು ದೇಶಗಳವರು ಕೂತು ಗಡಿತಪಾಸಣೆ ಬೇಡವೆಂದು ಸಹಿ ಹಾಕಿದರು. ಸ್ಲೋವಾಕಿಯಾ, ಹಂಗೇರಿ ಅದಕ್ಕೆ ಸೇರಿದ್ದು 2007ರ ಡಿಸೆಂಬರ್ 21ರಂದು. ಈಗ ಒಟ್ಟು 29 ದೇಶಗಳು. ಒಂದೇ ವೀಸಾಕ್ಕೆ 29 ದೇಶ ಎಂದರೆ ರಾಯರಿಗೆ ಹಾಲು ಕುಡಿದಷ್ಟು ಸಂತೋಷ, ಒಳಗೆ ಒಂದಕ್ಕೂ ಮುದ್ರೆ ಇಲ್ಲ ಎಂದರೆ ಅಷ್ಟೇ ಸಂಕಟ. ಮೊದಲ ಸಲ ಒಳಬರುವಾಗ ಬೀಳುತ್ತಿದ್ದ ಒಂದು ಮುದ್ರೆಗೂ ಈಗ ಸಂಚಕಾರ ಬಂದಿದೆ. 2025ರ ಅಕ್ಟೋಬರಿನಿಂದ ಹಂತಹಂತವಾಗಿ ಬಂದ ಹೊಸ ಪದ್ಧತಿಯಲ್ಲಿ ಹೊರಗಿನಿಂದ ಬಂದವರ ಮುಖದ ಫೋಟೋ, ಬೆರಳಚ್ಚು ತೆಗೆದುಕೊಂಡು ಕಂಪ್ಯೂಟರಿಗೆ ಹಾಕಿಕೊಳ್ಳುತ್ತಾರೆ, ಮುದ್ರೆ ಒತ್ತುವುದಿಲ್ಲ. ‘ಅವರ ಹತ್ರ ರೆಕಾರ್ಡ್ ಇದ್ರೆ ನನಗೇನು ಬಂತು? ನನ್ನ ಪಾಸ್‌ಬುಕ್ಕಲ್ಲಿ ಎಂಟ್ರಿ ಬೀಳಬೇಡ್ವೇ?’

ಅಷ್ಟರಲ್ಲಿ ಫೋನು ಟಿಣ್ ಎಂದಿತು. ಸ್ಲೋವಾಕಿಯಾಕ್ಕೆ ಸ್ವಾಗತ, ಕರೆಯ ದರ ಇಂತಿಷ್ಟು ಎಂದು ಮೊಬೈಲ್ ಕಂಪನಿಯ ಸಂದೇಶ. ರಾಯರ ಮುಖ ಅರಳಿತು. ಸ್ಕ್ರೀನ್‌ಶಾಟ್ ತೆಗೆದು ಮಗನಿಗೂ ಮಗಳಿಗೂ ಕಲ್ಲುಬೆಂಚಿನ ಗುಂಪಿಗೂ ಕಳಿಸಿ, ಡೈರಿಯ ಪ್ರವೇಶ ಕಾಲಮ್ಮಿನಲ್ಲಿ ನಿಮಿಷ ಸಮೇತ ಬರೆದುಕೊಂಡರು.

ಬ್ರಾಟಿಸ್ಲಾವಾ ನೋಡುವಂಥ ಊರು. ತುರ್ಕರು ಹಂಗೇರಿಯೊಳಗೆ ನುಗ್ಗಿದ ಮೇಲೆ ಅದರ ರಾಜಧಾನಿಯೇ ಇಲ್ಲಿಗೆ ಬಂತು. 1563ರಿಂದ 1830ರವರೆಗೆ ಹಂಗೇರಿಯ ದೊರೆಗಳಿಗೆ ಕಿರೀಟಧಾರಣೆ ನಡೆದದ್ದು ಇಲ್ಲಿನ ಸೇಂಟ್ ಮಾರ್ಟಿನ್ ಚರ್ಚಿನಲ್ಲಿ. ಮರಿಯಾ ತೆರೇಸಾ ಕಿರೀಟ ತೊಟ್ಟದ್ದು 1741ರಲ್ಲಿ. ಚರ್ಚಿನ ಶಿಖರದ ತುದಿಯಲ್ಲಿ ಕಲಶದ ಜಾಗದಲ್ಲಿ ಚಿನ್ನದ ಲೇಪದ ಕಿರೀಟವೇ ಕೂತಿದೆ. ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳುತ್ತಿದ್ದರೆ ರಾಯರು ತಡೆದರು. ‘ಅಂದ್ರೆ ವಿಯೆನ್ನಾ, ಇದು, ಬುಡಾಪೆಸ್ಟು ಮೂರೂ ಒಂದೇ ರಾಜ್ಯದಲ್ಲಿತ್ತಾ?’ ಹೌದು, 1918ರವರೆಗೆ ಒಂದೇ ಮನೆತನದ ಕೈಯಲ್ಲಿ. ‘ಸದ್ಯ, ಒಡೀತಲ್ಲ! ಇಲ್ಲದಿದ್ರೆ ಇಷ್ಟು ಬಾಡಿಗೆಗೆ ಒಂದೇ ಬರೆಯಬೇಕಿತ್ತು.’ ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯದ ಪತನವನ್ನು ಇಷ್ಟು ಸ್ವಂತ ಲಾಭದಿಂದ ಸ್ವಾಗತಿಸಿದ ಕನ್ನಡಿಗ ಇನ್ನೊಬ್ಬನಿರಲಾರ.

ಹಳೆಯ ಪೇಟೆಯೊಳಗೆ ಕಾರು ಬಿಡುವುದಿಲ್ಲ, ನಡೆಯಬೇಕು. ಒಂದು ಮೂಲೆಯಲ್ಲಿ ಮ್ಯಾನ್‌ಹೋಲಿನಿಂದ ಅರ್ಧ ಮೇಲೆದ್ದು, ರಸ್ತೆಯ ಮೇಲೆ ಕೈಯೂರಿ ಹೋಗುಬರುವವರನ್ನು ನೋಡುವ ಕಂಚಿನ ಕೆಲಸಗಾರ ಚೂಮಿಲ್ ಇದ್ದಾನೆ. 1997ರಲ್ಲಿ ಇಟ್ಟ ಈ ವಿಗ್ರಹದ ತಲೆ ಸವರಿದರೆ ಅದೃಷ್ಟವಂತೆ. ಸವರಿ ಸವರಿ ತಲೆ ಫಳಫಳ ಹೊಳೆಯುತ್ತದೆ. ಸುತ್ತ ಫೋಟೋಕ್ಕೆ ನೂಕುನುಗ್ಗಲು. ಮನೆಯವರು ನೋಡಿ, ‘ನಮ್ಮ ಬೆಂಗಳೂರಲ್ಲಿ ಮುಚ್ಚಳ ಇಲ್ಲದ ಗುಂಡಿ ಎಷ್ಟಿಲ್ಲ, ಒಬ್ಬನಾದ್ರೂ ಫೋಟೋ ತೆಗೀತಾನಾ?’ ಎಂದರು. ರಾಯರು ಈ ಯಾವುದಕ್ಕೂ ಕಿವಿಗೊಡದೆ ಕೆಫೆಯೊಂದಕ್ಕೆ ನುಗ್ಗಿ ಕಾಫಿ ಕುಡಿದು ಬಂದರು. ಬಾಯಿಗೆ ಹಾಕುವ ನಿಯಮ ಪೂರೈಸಿತು. ಇಲ್ಲಿ 2009ರಿಂದ ಯೂರೋ ಚಲಾವಣೆಯಿರುವುದರಿಂದ ಚಿಲ್ಲರೆಯ ತಕರಾರೂ ಇರಲಿಲ್ಲ. ‘ಆಯ್ತು, ಹೊರಡೋಣ.’

‘ಈಗ ತಾನೇ ಬಂದೆವಲ್ಲರೀ, ಆ ನದಿ ಹತ್ರ ಒಂದು ಗಳಿಗೆ ಕೂರೋಣ’ ಎಂದರು ಮನೆಯವರು.

‘ಯಾವ ನದಿ? ಡ್ಯಾನ್ಯೂಬ್ ತಾನೇ? ವಿಯೆನ್ನಾದಲ್ಲಿ ನೋಡಾಯ್ತಲ್ಲ.’

ಊರಾಚೆ ಡೆವೀನ್ ಕೋಟೆಗೆ ಹೋಗೋಣವೇ ಎಂದು ಡ್ರೈವರು ಕೇಳಿದ. ಮೊರಾವಾ ನದಿ ಡ್ಯಾನ್ಯೂಬಿಗೆ ಸೇರುವಲ್ಲಿನ ಬಂಡೆಯ ಮೇಲೆ, 1809ರಲ್ಲಿ ನೆಪೋಲಿಯನ್ನನ ಸೈನಿಕರು ಮದ್ದಿಟ್ಟು ಉಡಾಯಿಸಿದ ಕೋಟೆ. ಆಚೆ ದಡ ಆಸ್ಟ್ರಿಯಾ ಎಂದು ಗೊತ್ತಾದಾಗ ರಾಯರ ಕಿವಿ ನೆಟ್ಟಗಾಯಿತು. ಆಸ್ಟ್ರಿಯಾ ಆಗಲೇ ಲೆಕ್ಕಕ್ಕೆ ಸೇರಿದೆ ಎಂದು ನೆನಪಾದಾಗ ಜೋತುಬಿತ್ತು. ಡೆವೀನ್ ರದ್ದು.

ಮಾತಿಗೆ ಮಾತು ಬಂದು ರಾಯರು ಡ್ರೈವರನನ್ನೂ ಕೇಳಿದರು: ನೀನು ಎಷ್ಟು ದೇಶ ನೋಡಿದ್ದೀಯಪ್ಪ? ಆತ ಸ್ವಲ್ಪ ಯೋಚಿಸಿ, ತಾನು ಅಷ್ಟಾಗಿ ಎಲ್ಲೂ ಹೋದವನಲ್ಲ, ಮನೆ ಆಯಿತು ಕೆಲಸ ಆಯಿತು ಎಂದ. ಮನೆ ಎಲ್ಲಿ? ಹಂಗೇರಿಯ ರಾಯ್ಕಾದಲ್ಲಿ. ಬ್ರಾಟಿಸ್ಲಾವಾದಲ್ಲಿ ಮನೆ ದುಬಾರಿಯಾದ್ದರಿಂದ ಅವನಂಥ ಎಷ್ಟೋ ಸ್ಲೋವಾಕರು ಗಡಿಯಾಚೆಯ ಆ ಹಳ್ಳಿಯಲ್ಲಿ ಮನೆ ಮಾಡಿದ್ದಾರೆ. ಹೆಂಡತಿಗೆ ಬ್ರಾಟಿಸ್ಲಾವಾದಲ್ಲಿ ನೌಕರಿ, ಮಗು ಅಲ್ಲೇ ಶಾಲೆಗೆ, ಇವನ ಗಿರಾಕಿಗಳು ವಿಯೆನ್ನಾದಲ್ಲಿ. ರಾಯರು ಫೋನಿನಲ್ಲಿ ಕ್ಯಾಲ್ಕ್ಯುಲೇಟರ್ ತೆಗೆದು, ದಿನಕ್ಕೆ ಇಷ್ಟು ಗಡಿ, ತಿಂಗಳಿಗೆ ಇಷ್ಟು, ವರ್ಷಕ್ಕೆ ಇಷ್ಟು ಎಂದು ಗುಣಿಸಿ, ಬಂದ ಮೊತ್ತವನ್ನು ಎರಡು ಸಲ ನೋಡಿ ದಂಗಾದರು. ಆಮೇಲೆ ದಾರಿಯುದ್ದಕ್ಕೂ ಅವನನ್ನು ‘ಸರ್’ ಎಂದೇ ಕರೆದರು.

ಆ ಗೌರವಕ್ಕೆ ಪ್ರತಿಫಲವೋ ಏನೋ, ಮನೆಯ ಹತ್ತಿರವೇ ಒಂದು ಜಾಗವಿದೆ, ತೋರಿಸುತ್ತೇನೆ ಎಂದು ಅವನು ರಾಯ್ಕಾದಿಂದ ಹೊಲಗಳ ನಡುವಿನ ಕಚ್ಚಾ ದಾರಿಗೆ ಕಾರು ಇಳಿಸಿದ. ಆಸ್ಟ್ರಿಯಾ, ಸ್ಲೋವಾಕಿಯಾ, ಹಂಗೇರಿ ಮೂರೂ ಕೂಡುವ ಬಿಂದು. ಬಯಲಿನಲ್ಲಿ ಒಂದು ಗಡಿಕಲ್ಲು, ಕೆಲವು ಶಿಲ್ಪಗಳು, ಒಂದು ತ್ರಿಕೋನಾಕಾರದ ಮೇಜು, ಮೂರು ಕಡೆ ಮೂರು ಬೆಂಚು, ಒಂದೊಂದು ಬೆಂಚು ಒಂದೊಂದು ದೇಶದಲ್ಲಿ. ಸುತ್ತ ಒಂದು ನರಪಿಳ್ಳೆ ಇಲ್ಲ. 1989ರವರೆಗೆ ಈ ಬಯಲಿನಲ್ಲಿ ಮುಳ್ಳುತಂತಿ, ಬಂದೂಕು ಹಿಡಿದ ಕಾವಲು. ಒಂದು ಕಡೆ ಪಶ್ಚಿಮ, ಎರಡು ಕಡೆ ಕಮ್ಯುನಿಸ್ಟರದ್ದು. ಆ ವರ್ಷದ ಮೇ ತಿಂಗಳಿನಲ್ಲಿ ಹಂಗೇರಿಯವರು ತಂತಿ ಕೀಳತೊಡಗಿದರು. ಆಗಸ್ಟ್ 19ರಂದು ದಕ್ಷಿಣಕ್ಕೆ ಶೋಪ್ರೋನ್ ಹತ್ತಿರ ಗಡಿಯಲ್ಲೊಂದು ಪಿಕ್ನಿಕ್ ಎಂದು ಜನ ಸೇರಿಸಿ ಗೇಟು ತೆರೆದಾಗ ಆರುನೂರಕ್ಕೂ ಹೆಚ್ಚು ಪೂರ್ವ ಜರ್ಮನರು ಮಕ್ಕಳನ್ನು ಎತ್ತಿಕೊಂಡು ಆಚೆಗೆ ಓಡಿದ್ದರು. ಇದನ್ನು ಕೇಳಿ ಮನೆಯವರು ‘ಪಾಪ’ ಎಂದರು. ರಾಯರು ಆಗಲೇ ಶೂಸಿನ ಲೇಸು ಬಿಗಿದುಕೊಳ್ಳುತ್ತಿದ್ದರು.

ಬಿಗಿದುಕೊಂಡವರು ಗಡಿಕಲ್ಲನ್ನು ಬಲಕ್ಕಿಟ್ಟುಕೊಂಡು ಸುತ್ತತೊಡಗಿದರು. ಅಶ್ವತ್ಥಕಟ್ಟೆಗೆ ಶನಿವಾರ ಬರುವ ಭಕ್ತರ ಹಾಗೆ ಅದೇ ನಿಧಾನ, ಅದೇ ತುಟಿಯಲುಗು. ಸ್ತೋತ್ರ ಮಾತ್ರ ಬೇರೆ. ‘ಆಸ್ಟ್ರಿಯಾ… ಸ್ಲೋವಾಕಿಯಾ… ಹಂಗೇರಿ… ಆಸ್ಟ್ರಿಯಾ…’ ಮೂರು ಸುತ್ತು, ಒಂಬತ್ತು ಗಡಿ. ಜೇಬಿನಲ್ಲಿ ಫೋನು ಯಾವ ದೇಶದ ಗೋಪುರಕ್ಕೆ ನಿಷ್ಠೆ ತೋರಿಸಬೇಕೆಂದು ತಿಳಿಯದೆ ಮೂರೂ ಕಡೆಯ ಸ್ವಾಗತ ಹೇಳಿ ಹೇಳಿ ಸುಸ್ತಾಯಿತು. ಡ್ರೈವರು ಕಾರಿಗೆ ಒರಗಿ ಸಿಗರೇಟು ಸೇದುತ್ತ ನೋಡುತ್ತಿದ್ದ. ಇದು ನಮ್ಮ ಧಾರ್ಮಿಕ ವಿಧಿಯೇ ಎಂದು ಮೆಲ್ಲಗೆ ಕೇಳಿದ. ಹೌದು ಎಂದೆ. ಸುಳ್ಳೇನಲ್ಲ.

ಪುಳಿಯೋಗರೆಗೆ ಕೂತದ್ದು ಆ ಮೇಜಿನಲ್ಲೇ. ರಾಯರು ಆಸ್ಟ್ರಿಯಾದಲ್ಲಿ, ನಾನು ಸ್ಲೋವಾಕಿಯಾದಲ್ಲಿ, ಮನೆಯವರು ಹಂಗೇರಿಯಲ್ಲಿ. ಬಡಿಸುತ್ತ ಅವರು, ‘ಇನ್ನೊಂದು ಸ್ವಲ್ಪ ಬೇಕಾದ್ರೆ ದೇಶದಾಚೆ ಕೈ ಚಾಚಬೇಡಿ, ಮಂಡಿ ನೋವಿದೆ ನನಗೆ, ನೀವೇ ಎದ್ದು ಬನ್ನಿ’ ಎಂದರು. ರಾಯರು ಎದ್ದು ಹಂಗೇರಿಗೆ ಹೋಗಿ ಎರಡನೆಯ ಸಲ ಹಾಕಿಸಿಕೊಂಡು ಬಂದರು. ಡೈರಿಗೆ ಅದೂ ಹತ್ತಿತು. ಡ್ರೈವರು ಒಂದು ತುತ್ತು ತಿಂದು ನೀರಿನ ಬಾಟಲಿ ಹುಡುಕಿದ.

ಅಲ್ಲಿಂದ ಮುಂದೆ ಹೇಳುವಂಥದ್ದು ಕಡಿಮೆ, ಏಕೆಂದರೆ ರಾಯರ ಪ್ರಕಾರ ಪ್ರವಾಸ ಮುಗಿದಿತ್ತು. ಗ್ಯೂರ್ ನಗರದ ಹತ್ತಿರ ಡ್ರೈವರು ಪನ್ನೊನ್‌ಹಾಲ್ಮಾ ಮಠದ ಮಾತೆತ್ತಿದ. 996ರಲ್ಲಿ ಸ್ಥಾಪನೆಯಾಗಿ ಇಂದಿಗೂ ಸನ್ಯಾಸಿಗಳಿರುವ ಬೆನಡಿಕ್ಟೈನ್ ಮಠ, ಯುನೆಸ್ಕೊ ಪಟ್ಟಿಯಲ್ಲಿದೆ, ದೊಡ್ಡ ಗ್ರಂಥಭಂಡಾರವಿದೆ, ಬಳಸುದಾರಿಯೂ ಹೆಚ್ಚಿಲ್ಲ. ‘ಅದೂ ಹಂಗೇರಿಯಲ್ಲೇ ತಾನೇ?’ ಎಂದು ಕೇಳಿ ರಾಯರು ಸೀಟು ಹಿಂದಕ್ಕೊರಗಿಸಿ ಗೊರಕೆ ಹೊಡೆದರು. ಮನೆಯವರು ನನ್ನ ಮುಖ ನೋಡಿದರು, ನಾನು ಡ್ರೈವರನ ಮುಖ ನೋಡಿದೆ. ರಾಯರಿಗೆ ಎಚ್ಚರವಾದಾಗ ನಾವು ಮಠ ನೋಡಿಕೊಂಡು ಬಂದು ಹೆದ್ದಾರಿಗೆ ಸೇರಿದ್ದೆವು. ಇಷ್ಟು ಹೊತ್ತೇಕಾಯಿತು ಎಂದು ಕೇಳಿದರು. ಟ್ರಾಫಿಕ್ ಎಂದರು ಮನೆಯವರು.

ಬುಡಾಪೆಸ್ಟ್ ತಲುಪಿದಾಗ ದೀಪ ಹತ್ತಿತ್ತು. ಹೋಟೆಲಿನ ಕೌಂಟರಿನಲ್ಲಿದ್ದ ಹುಡುಗಿ ನಗುತ್ತ, ದಯವಿಟ್ಟು ಪಾಸ್‌ಪೋರ್ಟ್ ಕೊಡಿ ಎಂದಳು. ಹಂಗೇರಿಯಲ್ಲಿ ತಂಗುವ ಪ್ರತಿಯೊಬ್ಬರ ಗುರುತುಪತ್ರವನ್ನು ಹೋಟೆಲಿನವರು ಸ್ಕ್ಯಾನ್ ಮಾಡಲೇಬೇಕು. ರಾಯರು ಆಕೆಯನ್ನೇ ಒಂದು ಕ್ಷಣ ದಿಟ್ಟಿಸಿದರು. ಬೆಳಗಿನಿಂದ ಎದೆಗವಚಿಕೊಂಡಿದ್ದ ಫೈಲು ಕೊನೆಗೂ ತೆರೆಯಿತು. ಪಾಸ್‌ಪೋರ್ಟ್ ಕೊಟ್ಟರು, ಕೇಳದಿದ್ದರೂ ಇನ್ಶೂರೆನ್ಸ್ ಕೊಟ್ಟರು, ಮಗನ ಪತ್ರ ಕೊಟ್ಟರು, ಮಗನ ಕಂಪನಿಯ ಪತ್ರವನ್ನು ಬಿಡಿಸಿ ಅವಳ ಕಡೆಗೆ ತಿರುಗಿಸಿಟ್ಟು, ‘ನಿಧಾನವಾಗಿ ನೋಡಮ್ಮ, ನಮಗೇನೂ ಅವಸರ ಇಲ್ಲ’ ಎಂದು ನನ್ನ ಕಡೆ ತಿರುಗಿ, ‘ಇಂಗ್ಲಿಷಲ್ಲಿ ಹೇಳಿ’ ಎಂದರು.

ಅವಳು ಸ್ಕ್ಯಾನ್ ಮುಗಿಸಿ ಕೋಣೆಯ ಕಾರ್ಡು ನೀಡಿದಳು. ರಾಯರು ಕದಲಲಿಲ್ಲ. ಅವರ ಕಣ್ಣು ಕೌಂಟರಿನ ಮೇಲೆ ಬಿಲ್ಲುಗಳ ಪಕ್ಕ ಇಂಕ್ ಪ್ಯಾಡಿನ ಮೇಲಿದ್ದ ದುಂಡನೆಯ ರಬ್ಬರ್ ಸೀಲಿನ ಮೇಲೆ ನೆಟ್ಟಿತ್ತು.

‘ರೀ, ಅದು ಹೋಟೆಲಿಂದು’ ಎಂದರು ಮನೆಯವರು.

‘ಇರಲಿ ಬಿಡೇ, ಬುಡಾಪೆಸ್ಟ್ ಅಂತ ಇದೆ ತಾನೇ?’ ಎನ್ನುತ್ತ ರಾಯರು ಡೈರಿಯ ಷರಾ ಕಾಲಮ್ಮು ಬಿಡಿಸಿ ಅವಳ ಮುಂದೆ ಹಿಡಿದರು.