ಪೋರ್ಟ್ ಎಂದೊಡನೆ ಪ್ರೀತಿ ಉಕ್ಕುವವರಿಗೆ

ಇವರಿಗೆ,
ಮುಖ್ಯಸ್ಥರು,
ಬಿಟ್ಟು ಹೋಗುವ ಗ್ರಾಹಕರನ್ನು ಉಳಿಸಿಕೊಳ್ಳುವ ವಿಭಾಗ,
ನನ್ನ ಮೊಬೈಲ್ ಕಂಪನಿ.

ವಿಷಯ: ಬಿಟ್ಟು ಹೋಗದ ಗ್ರಾಹಕರನ್ನೂ ಗ್ರಾಹಕರೆಂದು ಪರಿಗಣಿಸುವ ಕುರಿತು.

ಉಲ್ಲೇಖ: 1900ಕ್ಕೆ ನಾನು ಕಳಿಸಿದ ಎಸ್ಸೆಮ್ಮೆಸ್ಸು ಮತ್ತು ಅದರ ಬೆನ್ನಿಗೇ ಬಂದ ತಮ್ಮ ಅಕ್ಕರೆಯ ಕರೆ.

ಮಾನ್ಯರೇ,

ಮೊನ್ನೆ ತಮ್ಮ ವಿಭಾಗದಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದ್ದರು. ಎಂಥ ಕನ್ನಡ, ಎಂಥ ವಿನಯ! ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದಾಗಲೆಲ್ಲ ಕನ್ನಡದ ಗುಂಡಿ ಒತ್ತಿ, ಬೇಕಾದಷ್ಟು ಸಂಗೀತ ಕೇಳಿ, ಕೊನೆಗೆ ಹಿಂದಿಯಲ್ಲಿ ಸಮಾಧಾನ ಹೇಳಿಸಿಕೊಂಡವನು ನಾನು. ಮನೆಯೊಳಗೆ ಟವರ್ ಸಿಗುವುದಿಲ್ಲ ಎಂದು ದೂರು ಕೊಟ್ಟರೆ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಮೆಸೇಜು ಬರುತ್ತಿತ್ತು. ಅದು ಬಂದು ಮುಟ್ಟಬೇಕಾದರೆ ನಾನು ಮಹಡಿ ಹತ್ತಬೇಕಿತ್ತು. ಅಂಥವನಿಗೆ, ಪೋರ್ಟ್ ಎಂದು ಬರೆದು ನಂಬರ್ ಸೇರಿಸಿ 1900ಕ್ಕೆ ಒತ್ತಿದ ಮರುಗಳಿಗೆಯಲ್ಲೇ ರಾಜಮರ್ಯಾದೆ. ‘ಯಾಕೆ ಸಾರ್ ಬೇಜಾರು ಮಾಡ್ಕೊಂಡಿದ್ದೀರಾ?’ ಎಂದು ಆಕೆ ಕೇಳಿದರು. ನಮ್ಮ ಮನೆಯಲ್ಲೇ ಯಾರೂ ನನ್ನನ್ನು ಹಾಗೆ ಕೇಳಿದ್ದಿಲ್ಲ.

ಆಮೇಲೆ ಆಕೆ ಹೇಳಿದ ದರ ತಮ್ಮ ಆ್ಯಪ್‌ನಲ್ಲಿಲ್ಲ, ಮೂಲೆಯ ರೀಚಾರ್ಜ್ ಅಂಗಡಿಯಲ್ಲೂ ಇಲ್ಲ. ಗಂಟು ಕಟ್ಟಿ ಹೊಸ್ತಿಲು ದಾಟಿದ ಸೊಸೆಗೆ ಮಾತ್ರ ಅತ್ತೆ ರೇಷ್ಮೆ ಸೀರೆ ಹೊರತೆಗೆದ ಹಾಗಾಯಿತು. ಒಳಗೆ ಪಾತ್ರೆ ತೊಳೆಯುತ್ತಿರುವ ಇನ್ನೊಬ್ಬ ಸೊಸೆಗೆ ಪೆಟ್ಟಿಗೆಯಲ್ಲಿ ಸೀರೆ ಇದೆಯೆಂಬುದೇ ಗೊತ್ತಿಲ್ಲ.

ಈ ಸೀರೆಗೆ ತಮ್ಮ ವಲಯದಲ್ಲಿ ‘ಸೆಗ್ಮೆಂಟೆಡ್ ಆಫರ್’ ಎಂಬ ಘನವಾದ ಹೆಸರಿದೆ. ಇಂಥ ಆಫರ್‌ಗಳ ವಿವರ ತನಗೆ ಬೇಕೆಂದು 2018ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಆದೇಶ ಹೊರಡಿಸಿತು. ಕಂಪನಿಗಳು ನ್ಯಾಯಮಂಡಳಿಯ ಮೆಟ್ಟಿಲೇರಿದವು. ಕೊನೆಗೆ 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ವಿವರವನ್ನು ಟ್ರಾಯ್‌ಗೆ ಕೊಡಿ, ಟ್ರಾಯ್ ಅದನ್ನು ಗುಟ್ಟಾಗಿಟ್ಟುಕೊಳ್ಳಲಿ ಎಂದಿತು. ಅಲ್ಲಿಗೆ ನನಗೆ ಎಷ್ಟು ಕಡಿಮೆಗೆ ಕೊಡಬಹುದು ಎಂಬುದು ತಮಗೆ ಗೊತ್ತು, ಕೇಳಿದರೆ ಟ್ರಾಯ್‌ಗೂ ಗೊತ್ತು. ದುಡ್ಡು ಕೊಡುವವನಿಗೆ ಮಾತ್ರ ಗೊತ್ತಾಗಕೂಡದು.

ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಈ ಪೋರ್ಟಿಂಗ್ ಹಕ್ಕನ್ನು ನಮ್ಮ ಕೈಗೆ ಕೊಡಲು ತಮ್ಮ ಉದ್ಯಮ ಪಟ್ಟ ಸಂಕಟವನ್ನೂ ನೆನೆಯುತ್ತೇನೆ. ಟ್ರಾಯ್ ಶಿಫಾರಸು ಮಾಡಿದ್ದು 2006ರ ಮಾರ್ಚಿನಲ್ಲಿ. ಗಡುವಿನ ಮೇಲೆ ಗಡುವು ದಾಟಿ, 2010ರ ನವೆಂಬರ್ 25ರಂದು ಹರಿಯಾಣದಲ್ಲಿ ಮೊದಲು ಜಾರಿಗೆ ಬಂತು. ಕರ್ನಾಟಕವೂ ಸೇರಿದಂತೆ ದೇಶಕ್ಕೆಲ್ಲ ಸಿಕ್ಕಿದ್ದು 2011ರ ಜನವರಿ 20ರಂದು. ಬೆಂಗಳೂರಿನ ನಂಬರನ್ನು ಮುಂಬೈಗೆ ಒಯ್ದು ಅಲ್ಲಿಯದೇ ಮಾಡಿಕೊಳ್ಳಲು 2015ರ ಜುಲೈವರೆಗೆ ಕಾಯಬೇಕಾಯಿತು. ಪೋರ್ಟಿಂಗ್ ಬರುವತನಕ ಅಂಗಡಿ ಬೋರ್ಡಿಗೆ, ಆಟೊ ಬೆನ್ನಿಗೆ, ಬೋರ್‌ವೆಲ್ ಲಾರಿಯ ಮೈಗೆ ಬಣ್ಣದಲ್ಲಿ ಬರೆಸಿದ ಹತ್ತು ಅಂಕಿಗಳೇ ತಮ್ಮ ಕಾವಲುಗಾರರು. ಸೇವೆ ಎಷ್ಟೇ ಕೆಟ್ಟರೂ ಬೋರ್ಡು ಬರೆಸುವ ಖರ್ಚಿಗೆ ಹೆದರಿ ವ್ಯಾಪಾರಿ ಉಳಿದುಕೊಳ್ಳುತ್ತಿದ್ದ. ಈಗಂತೂ ಬ್ಯಾಂಕು, ಆಧಾರ್, ಗ್ಯಾಸ್ ಬುಕಿಂಗ್, ಯುಪಿಐ ಎಲ್ಲದರ ಒಟಿಪಿಯೂ ಅದೇ ನಂಬರಿಗೆ. ಪೋರ್ಟಿಂಗ್ ಇಲ್ಲದೆ ಹೋಗಿದ್ದರೆ ‘ಬಿಟ್ಟು ಹೋಗಬೇಡಿ’ ಎಂದು ತಾವು ಕೈಮುಗಿಯುವ ಪ್ರಮೇಯವೇ ಬರುತ್ತಿರಲಿಲ್ಲ.

ಹಕ್ಕು ಸಿಕ್ಕ ಮೇಲೆ ಬಾಗಿಲಿಗೆ ಹೊಸ ಹೊಸ ಚಿಲಕ ಹುಡುಕಿದ ಜಾಣ್ಮೆಯನ್ನು ಹೊಗಳದಿದ್ದರೆ ತಪ್ಪಾದೀತು. ಬಿಟ್ಟು ಹೋಗಲು ಎಸ್ಸೆಮ್ಮೆಸ್ ಕಳಿಸಬೇಕು. ಕಡಿಮೆ ಬೆಲೆಯ ರೀಚಾರ್ಜ್ ಕೆಲವದರಲ್ಲಿ ಎಸ್ಸೆಮ್ಮೆಸ್ಸೇ ಇರಲಿಲ್ಲ! ಕಂಪನಿ ಬಿಡಬೇಕಾದರೆ ಅದೇ ಕಂಪನಿಗೆ ಮೊದಲು ಹೆಚ್ಚಿನ ದುಡ್ಡು ಕಟ್ಟಬೇಕಿತ್ತು. ಯಾವ ರೀಚಾರ್ಜ್ ಇದ್ದರೂ 1900ಕ್ಕೆ ಮೆಸೇಜು ಹೋಗಲೇಬೇಕು ಎಂದು 2021ರ ಡಿಸೆಂಬರಿನಲ್ಲಿ ಟ್ರಾಯ್ ಅಪ್ಪಣೆ ಮಾಡಬೇಕಾಗಿ ಬಂತು. ಇಷ್ಟು ಸರಳವಾದ ಮಾತನ್ನು ಹೇಳಿಸಿಕೊಳ್ಳಲು ಹಕ್ಕು ಬಂದು ಹತ್ತು ವರ್ಷ ದಾಟಿತ್ತು.

ಆದರೂ ಪೋರ್ಟಿಂಗ್‌ನಿಂದಲೇ ದರ ಇಳಿಯಿತು ಎಂದು ಹೇಳಿ ನಾನು ತಮ್ಮನ್ನು ಮುಜುಗರಕ್ಕೆ ಈಡುಮಾಡುವುದಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದಾಗ ಬಹಳಷ್ಟು ಜನ ಪೋರ್ಟ್ ಆಗಲಿಲ್ಲ. ಹಳೆಯ ಸಿಮ್ ಹಾಗೇ ಇಟ್ಟು, ಫೋನಿನ ಎರಡನೇ ಗೂಡಿಗೆ ಹೊಸದನ್ನು ತುರುಕಿದರು. ನಮ್ಮ ಪಾಲಿಗೆ ಪೈಪೋಟಿ ಎಂದರೆ ಆ ಎರಡನೇ ಗೂಡು. ಹಳೆಯ ನಂಬರು ಕರೆ ಬರಲಿಕ್ಕೆ, ಹೊಸದು ಡೇಟಾಕ್ಕೆ. ಅದನ್ನೂ ತಾವು ಗಮನಿಸಿದಿರಿ. 2018ರ ಕೊನೆಯ ಹೊತ್ತಿಗೆ, ಬರುವ ಕರೆ ಬರುತ್ತಲೇ ಇರಬೇಕಾದರೂ 28 ದಿನಕ್ಕೊಮ್ಮೆ ಕನಿಷ್ಠ ರೀಚಾರ್ಜ್ ಕಡ್ಡಾಯವಾಯಿತು. ಎರಡೂ ಗೂಡಿಗೆ ಕಾಳು ಹಾಕಲಾರದವರಿಗೆ ಉಳಿದದ್ದು ಪೋರ್ಟ್ ಒಂದೇ.

ಆ ಹೊತ್ತಿಗೆ ಹೋಗಲು ಜಾಗವೆಲ್ಲಿತ್ತು? 2011ರಲ್ಲಿ ಕರ್ನಾಟಕದಲ್ಲಿ ಏರ್‌ಟೆಲ್, ವೊಡಾಫೋನ್, ಐಡಿಯಾ, ಬಿಎಸ್‌ಎನ್‌ಎಲ್, ರಿಲಯನ್ಸ್, ಟಾಟಾ ಡೊಕೊಮೊ, ಏರ್‌ಸೆಲ್, ಯುನಿನಾರ್ ಎಂದು ಬೆರಳು ಮಡಿಸುತ್ತ ಎಣಿಸಬಹುದಿತ್ತು. 2012ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ 122 ಟೆಲಿಕಾಂ ಲೈಸೆನ್ಸ್ ರದ್ದು ಮಾಡಿತು. ಮುಂದೆ ಕೆಲವರು ಮಾರಿಕೊಂಡರು, ಕೆಲವರು ಮುಳುಗಿದರು. 2018ರ ಆಗಸ್ಟಿನಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು, ಮುಂದೆ ವಿಐ ಎನಿಸಿಕೊಂಡವು. ರಿಲಯನ್ಸ್ ಕಮ್ಯುನಿಕೇಷನ್ಸ್ ಧ್ವನಿ ಸೇವೆ ನಿಲ್ಲಿಸಿದಾಗ, ಏರ್‌ಸೆಲ್ ದಿವಾಳಿಯಾದಾಗ ಲಕ್ಷಾಂತರ ಜನ ನಂಬರ್ ಹಿಡಿದುಕೊಂಡು ಓಡಿದರು. ಏರ್‌ಸೆಲ್‌ನವರ ಪಾಡು ಇನ್ನೂ ಸೊಗಸು: ಪೋರ್ಟಿಂಗ್ ಕೋಡ್ ಬೇಕಾದರೆ ಸತ್ತ ನೆಟ್‌ವರ್ಕ್‌ನಿಂದಲೇ ಮೆಸೇಜು ಹೋಗಬೇಕಿತ್ತು. ಪೈಪೋಟಿಗೆಂದು ಕಟ್ಟಿದ ಸೇತುವೆ, ಕೊನೆಗೆ ಕಂಪನಿಗಳು ಮುಚ್ಚಿದಾಗ ಗಿರಾಕಿಗಳನ್ನು ಬದುಕಿದವರ ಅಂಗಳಕ್ಕೆ ದಾಟಿಸುವ ಕೆಲಸಕ್ಕೆ ಬಂತು.

ಉಳಿದವರು ಎಷ್ಟು ಅನ್ಯೋನ್ಯವಾಗಿದ್ದಾರೆ ಎಂಬುದನ್ನು 2024ರ ಜುಲೈ ತೋರಿಸಿತು. ಜಿಯೊ ಮತ್ತು ಏರ್‌ಟೆಲ್ ದರ ಏರಿಸಿದ್ದು 3ಕ್ಕೆ, ವಿಐ 4ಕ್ಕೆ. ರೊಚ್ಚಿಗೆದ್ದ ಜನಕ್ಕೆ ಮರೆತುಹೋಗಿದ್ದ ಬಿಎಸ್‌ಎನ್‌ಎಲ್ ನೆನಪಾಯಿತು. ಆ ಒಂದೇ ತಿಂಗಳಲ್ಲಿ ಅದಕ್ಕೆ 29 ಲಕ್ಷ ಗ್ರಾಹಕರು ಹೆಚ್ಚಾದರು, ಮೂರೂ ಖಾಸಗಿ ಕಂಪನಿಗಳು ಗ್ರಾಹಕರನ್ನು ಕಳೆದುಕೊಂಡವು. ಆದರೆ ಅಗ್ಗವೆಂದು ಹೋದವರಿಗೆ 4ಜಿ ಬಹಳ ಕಡೆ ಇನ್ನೂ ತಲುಪಿರಲಿಲ್ಲ. ದೇಶದಲ್ಲಿ ಈವರೆಗೆ ಬಂದ ಪೋರ್ಟಿಂಗ್ ಕೋರಿಕೆಗಳು 100 ಕೋಟಿ ದಾಟಿವೆ. ಇಷ್ಟೆಲ್ಲ ಓಡಾಟ ನಡೆದದ್ದು ಹೆಚ್ಚುಕಡಿಮೆ ಒಂದೇ ಮನೆಯ ಕೋಣೆಗಳ ನಡುವೆ. ಮಲೆನಾಡಿನ ಎಷ್ಟೋ ಊರುಗಳಲ್ಲಿ ಆ ಭಾಗ್ಯವೂ ಇಲ್ಲ. ಅಲ್ಲಿರುವುದು ಒಂದೇ ಟವರ್, ಕರೆಂಟು ಹೋದರೆ ಅದೂ ಮೌನ. ಅಲ್ಲಿಯವನು ಪೋರ್ಟ್ ಆಗುತ್ತೇನೆಂದು ಬೆದರಿಸಬೇಕಾದರೂ ಮೊದಲು ಗುಡ್ಡ ಹತ್ತಬೇಕು.

ಆದಕಾರಣ ಈ ಕೆಳಗಿನಂತೆ ಕೋರುತ್ತೇನೆ. ಬಿಟ್ಟು ಹೋಗುವವನಿಗೆ ಗುಟ್ಟಾಗಿ ಹೇಳುವ ದರವನ್ನು ಆ್ಯಪ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿ. ಹದಿನೈದು ವರ್ಷದಿಂದ ಕದಲದೆ ಕೂತವನಿಗೆ ನಿನ್ನೆ ಬಂದವನಿಗಿಂತ ಹೆಚ್ಚು ಕೊಡಬೇಡಿ, ಅಷ್ಟೇ ಕೊಟ್ಟರೆ ಸಾಕು. ತಮ್ಮ ವಿಭಾಗದ ಆ ಹೆಣ್ಣುಮಗಳನ್ನು ಕಸ್ಟಮರ್ ಕೇರ್‌ಗೆ ವರ್ಗ ಮಾಡಿ. ಇಷ್ಟನ್ನು ಮಾಡುವ ಇರಾದೆ ಇಲ್ಲದಿದ್ದರೆ, ನಿಷ್ಠೆ ದುಬಾರಿ ಎಂಬ ಪಾಠವನ್ನು ನಾವೇ ಕಲಿತು, ನಿಯಮ ಒಪ್ಪುವ 90 ದಿನ ಮುಗಿದಾಗಲೆಲ್ಲ ಮನೆಮಂದಿಯೆಲ್ಲ ಕೂತು 1900ಕ್ಕೆ ಮೆಸೇಜು ಒತ್ತುತ್ತೇವೆ.

ಇಂತಿ ತಮ್ಮ,
ಸದ್ಯಕ್ಕೆ ಉಳಿದುಕೊಂಡಿರುವ ಗ್ರಾಹಕ

ಪ್ರತಿಗಳು:

1. ಟ್ರಾಯ್‌ಗೆ: ಹೊರಬಾಗಿಲ ಚಿಲಕಗಳನ್ನು ಒಂದೊಂದಾಗಿ ತೆಗೆಸಿದ್ದಕ್ಕೆ ವಂದನೆಗಳು. ಹೊರಗೆ ಕಾಲಿಡಲು ಒಂದಿಷ್ಟು ನೆಲವೂ ಇರುವಂತೆ ನೋಡಿಕೊಳ್ಳುವುದು.

2. ಬಿಎಸ್‌ಎನ್‌ಎಲ್‌ಗೆ: ನಾವು ಬರದಿದ್ದರೂ ನೀವು ಗಟ್ಟಿಯಾಗಿರಬೇಕು. ನಮ್ಮ ಬೆದರಿಕೆಗೆ ಬೆಲೆ ಇರುವುದೇ ನಿಮ್ಮಿಂದ.

3. ಉಳಿದೆರಡು ಖಾಸಗಿ ಕಂಪನಿಗಳ ಇದೇ ವಿಭಾಗಕ್ಕೆ: ಮೇಲ್ಕಂಡ ಪತ್ರವನ್ನು ಕಂಪನಿಯ ಹೆಸರು ಬದಲಿಸಿ ಓದಿಕೊಳ್ಳತಕ್ಕದ್ದು. ದರಪಟ್ಟಿ ಬದಲಿಸುವ ಅಗತ್ಯವಿರುವುದಿಲ್ಲ.