ಖಾರೂತಾಯಿಯವರ ಸನ್ನಿಧಿಗೆ

ಇಣಚಿ ಅಕ್ಕಾವ್ರಿಗೆ,
ಪೇರಲ ಗಿಡ, ಎರಡನೆಯ ಟೊಂಗೆ, ಹಿತ್ತಲು, ಗಡಹಿಂಗ್ಲಜ.

ವಿಷಯ: ಹಕ್ಕಿಗಳ ಸಲುವಾಗಿ ಇಟ್ಟ ಕಾಳಿನ ಮೇಲೆ ತಾವು ನಡೆಸಿರುವ ಅತಿಕ್ರಮಣದ ಕುರಿತು.



ತಮ್ಮನ್ನು ಏನೆಂದು ಕರೆಯಬೇಕು ಎಂಬಲ್ಲಿಂದಲೇ ನನ್ನ ತೊಡಕು ಶುರುವಾಗುತ್ತದೆ. ನಮ್ಮ ಮನೆಯೊಳಗೆ ನೀವು ಇಣಚಿ. ಮೊಮ್ಮಗಳ ಪುಸ್ತಕದಲ್ಲಿ ಅಳಿಲು. ಓಣಿಗೆ ಇಳಿದರೆ ಮರಾಠಿ ಹುಡುಗರಿಗೆ ಖಾರ, ಪ್ರೀತಿ ಉಕ್ಕಿದಾಗ ಖಾರೂತಾಯಿ. ಅವರ ‘ತಾಯಿ’ ಅಂದರೆ ಅಕ್ಕ. ನನ್ನ ಕನ್ನಡದ ಕಿವಿಗೆ ಮಾತ್ರ ಅದು ಹೆತ್ತವ್ವನ ಹಾಗೇ ಕೇಳುತ್ತದೆ. ಆದ್ದರಿಂದ ಬೈಗುಳ ನಾಲಿಗೆ ತುದಿಗೆ ಬಂದಾಗಲೆಲ್ಲ ಅರ್ಧಕ್ಕೇ ನುಂಗಿಕೊಂಡಿದ್ದೇನೆ. ಇದನ್ನು ತಾವು ನನ್ನ ಪರವಾಗಿ ದಾಖಲು ಮಾಡಿಕೊಳ್ಳಬೇಕು.

ನಾನು ಮೂವತ್ತಾರು ವರ್ಷ ಕಾರಕೂನಿಕೆ ಮಾಡಿದವನು. ತಕರಾರು ಅರ್ಜಿ ಹೇಗಿರಬೇಕೆಂದು ಬಲ್ಲೆ. ಮೊದಲು ಹಕೀಕತ್ತು.

ಹೋದ ಮಾರ್ಚ್ 20ಕ್ಕೆ ವಿಶ್ವ ಗುಬ್ಬಿ ದಿನ. ನಮ್ಮದೇ ಮಹಾರಾಷ್ಟ್ರದ ನಾಸಿಕದ ಮೊಹಮ್ಮದ್ ದಿಲಾವರ್ ಅವರ ಮುಂದಾಳುತನದಲ್ಲಿ 2010ರಿಂದ ನಡೆದುಬಂದದ್ದು. ಅವತ್ತು ಮಗಳು ಇಚಲಕರಂಜಿಯಿಂದ ಒಂದು ಬರ್ಡ್ ಫೀಡರ್ ತಂದಳು. ಪ್ಲಾಸ್ಟಿಕ್ ಕೊಳವೆ, ಸುತ್ತ ನಾಲ್ಕು ಕಿಂಡಿ, ಕಿಂಡಿಗೊಂದು ಕೂರುವ ಕಡ್ಡಿ. ಸಜ್ಜೆ, ನವಣೆ, ಜೋಳದ ನುಚ್ಚು ತುಂಬಿ, ಮೇಲೆ ಒಂದು ಹಿಡಿ ಶೇಂಗಾ ಸುರಿದು ಪೇರಲ ಗಿಡಕ್ಕೆ ತೂಗುಹಾಕಿದೆ. ಕುರ್ಚಿ ಹಾಕಿಕೊಂಡು, ಮೊಬೈಲ್ ಹಿಡಿದು, ಗುಬ್ಬಿಯ ಹಾದಿ ಕಾಯುತ್ತ ಕೂತೆ.

ನೀವು ಬಂದಿರಿ.

ಬಂದವರು ಕಡ್ಡಿಯ ಮೇಲೆ ಕೂತಿರಾ? ಇಲ್ಲ. ಹಿಂಗಾಲನ್ನು ಹಿಂದುಮುಂದು ತಿರುಗಿಸಿ ಟೊಂಗೆಗೆ ಸಿಕ್ಕಿಸಿಕೊಂಡು, ತಲೆ ಕೆಳಗಾಗಿ ಜೋತು, ಎರಡೂ ಕೈಯಿಂದ ಶೇಂಗಾ ಹಿಡಿದು, ನನ್ನನ್ನೇ ನೋಡುತ್ತ ತಿಂದಿರಿ. ಸಜ್ಜೆಯನ್ನು ಕಿಂಡಿಯಿಂದ ಕೆರೆದು ಕೆಳಗೆ ಚೆಲ್ಲಿದಿರಿ. ಈ ಜಾಗದ ಸಾತ್‌ಬಾರಾ ಉತಾರದಲ್ಲಿ ನನ್ನ ಹೆಸರಿದೆ, ನನ್ನ ತಮ್ಮನ ಹೆಸರಿದೆ, ಬ್ಯಾಂಕಿನ ಬೋಜಾ ಕೂಡ ಇದೆ. ತಮ್ಮ ಹೆಸರು ಎಲ್ಲೂ ಇಲ್ಲ. 1948ರ ಕುಳ ಕಾಯ್ದೆಯನ್ನು ತಾವು ಎತ್ತಬಹುದು. ಉಳುವವನಿಗೆ ಹೊಲ ಎಂದಿತ್ತೇ ಹೊರತು ತಿಂದವನಿಗೆ ಡಬ್ಬಿ ಎಂದಿರಲಿಲ್ಲ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಅರ್ಜಿಗೆ ಸಂಬಂಧವಿಲ್ಲದಿದ್ದರೂ. ನಮ್ಮ ಮುತ್ಯಾ ಸುಗ್ಗಿ ಮುಂದೆ ಜೋಳದ ಹೊಲದಲ್ಲಿ ಅಟ್ಟಣಿಗೆ ಹತ್ತಿ ಕೂರುತ್ತಿದ್ದ. ಕೈಯಲ್ಲಿ ಕವಣಿ, ಬಾಯಲ್ಲಿ ಹೋ ಹೋ. ನಸುಕಿನಿಂದ ಹೊತ್ತು ಮುಳುಗುವ ತನಕ ಹಕ್ಕಿ ಹೊಡೆಯುವುದೇ ಕೆಲಸ. ಅವನ ಮೊಮ್ಮಗ ನಾನು, ರೊಕ್ಕ ಕೊಟ್ಟು ಕಾಳು ತಂದು, ಹಕ್ಕಿಯನ್ನು ಕರೆಯಲಿಕ್ಕೆ ಹೋ ಹೋ ಅನ್ನುತ್ತ ನಿಮ್ಮನ್ನು ಓಡಿಸುತ್ತಿದ್ದೇನೆ. ಮುತ್ಯಾ ಇದ್ದಿದ್ದರೆ ಕವಣಿಯನ್ನು ನನ್ನ ಕಡೆ ತಿರುಗಿಸುತ್ತಿದ್ದ.

ಇರಲಿ. ಮೊದಲ ಉಪಾಯ ಎಣ್ಣೆ. ಫೀಡರನ್ನು ಗಿಡದಿಂದ ಇಳಿಸಿ ಅಂಗಳದ ನಡುವೆ ಕಬ್ಬಿಣದ ಪೈಪು ನೆಟ್ಟು, ತುದಿಗೆ ಕಟ್ಟಿ, ಪೈಪಿಗೆ ಔಡಲೆಣ್ಣೆ ಸವರಿದೆ. ಕೊಲ್ಹಾಪುರ ಸೀಮೆಯಲ್ಲಿ ಹುಟ್ಟಿದವನು ಮಾಡಬಾರದ ತಪ್ಪು ಇದು. ಔಡಲೆಣ್ಣೆ ಹಚ್ಚಿ ನೆಟ್ಟ ಕಂಬ ಅಂದರೆ ಮಲ್ಲಕಂಬ! ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನದಲ್ಲಿ 1912ರಿಂದ ಕುಸ್ತಿ ನೋಡುತ್ತ ಬಂದ ಜಿಲ್ಲೆಯ ಇಣಚಿಗೆ ನಾನೇ ಕೈಯಾರೆ ತಾಲೀಮು ಹಾಕಿಕೊಟ್ಟೆ. ಎರಡು ದಿನ ಜಾರಿದಿರಿ. ಮೂರನೆಯ ದಿನ ಕಾಂಪೌಂಡ್ ಗೋಡೆಯ ಮೇಲೆ ಕೂತು, ಬಾಲ ಎರಡು ಸಲ ಝಾಡಿಸಿ, ಅಳತೆ ಹಿಡಿದು ಹಾರಿದಿರಿ. ಕಂಬ ಮುಟ್ಟಲೇ ಇಲ್ಲ. ಅಮೆರಿಕದಲ್ಲಿ ಬಿಲ್ ಆಡ್ಲರ್ ಎಂಬುವರು 1988ರಲ್ಲಿ ಇಣಚಿಯನ್ನು ಹೇಗೆ ಸೋಲಿಸಬೇಕೆಂದು ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಇಣಚಿ ಕೂತರೆ ಮೋಟಾರು ಗಿರ್ರನೆ ತಿರುಗಿ ಎಸೆಯುವ ಫೀಡರುಗಳೂ ಅಲ್ಲಿ ಉಂಟು. ಮಗ ತರಿಸಿಕೊಡುತ್ತೇನೆಂದ. ಬೇಡವೆಂದೆ. ಸೆಲ್ಲು ತೀರಿದ ದಿನ ಅದು ನಿಮಗೆ ತೊಟ್ಟಿಲಾಗುತ್ತದೆ.

ಮಗಳ ಮನೆಯಲ್ಲಿ ಇನ್ನೊಂದು ತೂಗುಹಾಕಿದೆವು. ಇಚಲಕರಂಜಿ ಅಂದರೆ ವಿಠ್ಠಲರಾವ್ ದಾತಾರರು 1904ರಲ್ಲಿ ಮೊದಲ ಪಾವರ್‌ಲೂಮ್ ತಂದ ಊರು. ಹಗಲೂ ರಾತ್ರಿ ಮಗ್ಗದ ಖಟಖಟ. ಆ ಸದ್ದಿಗೆ ನಿಮ್ಮವರು ಹೆದರಬಹುದೆಂದು ಎಣಿಸಿದ್ದೆ. ಅಲ್ಲಿಯ ನಿಮ್ಮ ತಂಗಿ ಕಾಳಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಫೀಡರು ಕಟ್ಟಿದ್ದ ಹತ್ತಿಯ ಹಗ್ಗವನ್ನು ಎಳೆ ಎಳೆಯಾಗಿ ಬಿಡಿಸಿ, ಬಾಯಲ್ಲಿ ಮುದ್ದೆ ಮಾಡಿಕೊಂಡು, ಗೂಡು ಕಟ್ಟಲಿಕ್ಕೆ ಒಯ್ದಳು. ನಾಲ್ಕನೆಯ ದಿನ ಫೀಡರು ಧೊಪ್ಪೆಂದು ಬಿತ್ತು. ಅಳಿಯ ನಕ್ಕ: “ಮಾವಾರ, ಇದು ನೇಕಾರರ ಊರು. ಆಕೀನೂ ನೂಲಿನ ವ್ಯಾಪಾರ ಹಿಡದಾಳ ತಗೋರಿ.”

ಇನ್ನು ಉಳಿದದ್ದು ಮೆಣಸಿನಕಾಯಿ. ಇದು ಮಗನ ಸಂಶೋಧನೆ. ಹಕ್ಕಿಗೆ ಮೆಣಸಿನಕಾಯಿಯ ಉರಿ ಹತ್ತುವುದಿಲ್ಲವಂತೆ. ಉರಿ ಹಿಡಿಯುವ ಗ್ರಾಹಿ ನಮ್ಮ ನರಗಳಲ್ಲಿದೆ, ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಕೂಡ ಬಂತು. ಹಕ್ಕಿಗಳಲ್ಲಿ ಆ ಗ್ರಾಹಿ ಇದ್ದರೂ ಮೆಣಸಿನಕಾಯಿಗೆ ಸೊಪ್ಪು ಹಾಕುವುದಿಲ್ಲ. ಹಕ್ಕಿ ಹಣ್ಣು ನುಂಗಿ ಬೀಜವನ್ನು ದೂರ ಹಾಕುತ್ತದೆ. ನಮ್ಮ ನಿಮ್ಮಂಥ ಹಲ್ಲಿನವರು ಅಗಿದು ಕೆಡಿಸುತ್ತೇವೆ. ಮೆಣಸಿನಕಾಯಿ ಗಿಡ ಈ ಲೆಕ್ಕ ಹಾಕಿಯೇ ಖಾರ ಇಟ್ಟುಕೊಂಡಿದೆ. ಹಾಗಾದರೆ ಸರಿ ಎಂದು ನಮ್ಮ ಗಡಹಿಂಗ್ಲಜ ಪೇಟೆಗೆ ಹೋದೆ. ಸಂಕೇಶ್ವರಿ ಮೆಣಸಿನಕಾಯಿಗೆ ಹೆಸರಾದ ಪೇಟೆ. ಎರಡೂ ಭಾಷೆ ಬಲ್ಲ ಅಂಗಡಿಕಾರನಿಗೆ, “ಖಾರ ಓಡಸಾಕ ಖಾರ ಬೇಕಾಗೇತಿ” ಅಂದೆ. ಯಾವ ಖಾರ ಯಾವುದನ್ನು ಓಡಿಸಬೇಕೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಪ್ರಯೋಗ ನಡೆದದ್ದು ಕೊಲ್ಹಾಪುರದ ಮಗನ ಫ್ಲ್ಯಾಟಿನಲ್ಲಿ, ಮೂರನೆಯ ಮಹಡಿ. ಅಷ್ಟೆತ್ತರಕ್ಕೆ ಕೇಬಲ್ ತಂತಿಯ ಮೇಲೆ ನಡೆದು ನಿಮ್ಮ ಮತ್ತೊಬ್ಬ ತಂಗಿ ಬಾಲ್ಕನಿಗೆ ಹಾಜರು. ಕಾಳಿಗೆ ಖಾರದ ಪುಡಿ ಕಲಸಿ ಇಟ್ಟೆ. ಮೊದಲ ದಿನ ಮೂತಿ ಒರೆಸಿಕೊಂಡು ಓಡಿದಳು, ನಾವು ಚಹಾ ಕುಡಿದು ಸಂಭ್ರಮಿಸಿದೆವು. ಮರುದಿನ ರಂಕಾಳಾ ಕಡೆಯಿಂದ ಗಾಳಿ ಬೀಸಿತು. ಪುಡಿಯೆಲ್ಲ ನನ್ನ ಕಣ್ಣಿಗೆ. ನಾನು ನಳದ ಕೆಳಗೆ ಮುಖ ಹಿಡಿದು ಒದ್ದಾಡುತ್ತಿರುವಾಗ ಆಕೆ ಕಠಡಿಯ ಮೇಲೆ ಕೂತು, ಗಾಳಿ ತೂರಿ ಹಸನು ಮಾಡಿದ ಶೇಂಗಾ ತಿಂದಳಂತೆ. ಸಾಕ್ಷಿ: ಸೊಸೆ.

ಇಷ್ಟಾದ ಮೇಲೆ ನಮ್ಮ ಮನೆಯಾಕಿ ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. “ಅಲ್ರೀ, ಹಕ್ಕಿ ತಿಂದರ ಪುಣ್ಯ, ಇಣಚಿ ತಿಂದರ ಕಳವು ಅಂತ ಎಲ್ಲಿ ಬರದೈತಿ?”

ಬರೆದಿಲ್ಲ. ಬರೆದಿರುವುದು ಬೇರೆ ಏನೋ. ಕನ್ನಡದಲ್ಲಿ ನೀವು ಮಾಡುವುದು ಅಳಿಲು ಸೇವೆ. ಸೇತುವೆಗೆ ಮರಳು ಹೊತ್ತಿರಿ, ರಾಮ ಬೆನ್ನು ಸವರಿದ, ಮೂರು ಪಟ್ಟೆ ಮೂಡಿತು. ಅದೇ ಕಥೆ ಮರಾಠಿಗೆ ಹೋದೊಡನೆ ‘ಖಾರೀಚಾ ವಾಟಾ’ ಆಗುತ್ತದೆ. ಅವರು ಹೇಳುವುದೂ ನೀವು ಸಲ್ಲಿಸಿದ ಚಿಕ್ಕ ಪಾಲನ್ನೇ. ಆದರೆ ವಾಟಣಿ ಕಾಗದಗಳ ನಡುವೆ ಮುದುಕನಾದ ನನಗೆ ವಾಟಾ ಅಂದರೆ ಒಂದೇ ಅರ್ಥ, ಹಕ್ಕಿನಿಂದ ಬರಬೇಕಾದ ಪಾಲು. ಗಡಿಯ ಆಚೆ ಸೇವೆ ಮಾಡಿ ಈಚೆ ವಾಟಾ ಕೇಳುವ ಜಾಣತನವನ್ನು ತಾವು ಯಾವ ರಾಜಕಾರಣಿಯಿಂದ ಕಲಿತಿರೋ!

ತಾವು ಯಾವ ಕಡೆಯವರೆಂದು ತಿಳಿಯಲು ಪಟ್ಟೆ ಎಣಿಸಲೂ ನೋಡಿದೆ. ಮೂರು ಪಟ್ಟೆಯವರು ದಕ್ಷಿಣದವರು, ಐದು ಪಟ್ಟೆಯವರು ಹೆಚ್ಚಾಗಿ ಉತ್ತರದವರು. (ಐದರವರಿಗೆ ರಾಮ ಇಡೀ ಕೈ ಆಡಿಸಿದನೆಂದು ಕಾಣುತ್ತದೆ.) ಎಣಿಸುವಷ್ಟು ಹೊತ್ತು ತಾವು ನಿಂತಿದ್ದರಲ್ಲವೇ? ಎರಡು ರಾಜ್ಯಗಳ ಗಡಿ ತಂಟೆಗೆಂದು 1966ರಲ್ಲಿ ನೇಮಿಸಿದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಊರುಗಳು ನಿಂತ ಜಾಗದಲ್ಲೇ ನಿಂತಿದ್ದೂ ಆ ತಂಟೆ ಬಗೆಹರಿದಿಲ್ಲ. ಓಡುವ ತಮ್ಮ ತಂಟೆ ನನ್ನ ಕಾಲಕ್ಕೆ ಮುಗಿಯುವುದುಂಟೇ? ಮೇಲಾಗಿ ರಾಧಾನಗರಿ ಕಾಡಿನಲ್ಲಿ ತಮ್ಮ ದೊಡ್ಡಪ್ಪ ಶೇಕರು ಇದ್ದಾರೆ, ಮಹಾರಾಷ್ಟ್ರದ ರಾಜ್ಯಪ್ರಾಣಿ. ಅಂಥ ವಶೀಲಿ ಇದ್ದವರ ಮೇಲೆ ನಿವೃತ್ತ ಕಾರಕೂನ ದಾವೆ ಹೂಡಲಾರ.

ಆದ್ದರಿಂದ ರಾಜಿ. ನನ್ನ ಕಡೆಯ ತಪ್ಪು ಮೊದಲು ಒಪ್ಪಿಕೊಳ್ಳುತ್ತೇನೆ. ಶೇಂಗಾ ಹಾಕಿದವನು ನಾನೇ. ಗುಬ್ಬಿ ಇಡೀ ಶೇಂಗಾ ಸುಲಿದು ತಿಂದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಗುಬ್ಬಿ ಬಾರದ್ದಕ್ಕೂ ತಾವು ಕಾರಣರಲ್ಲ. ಹಳೆಯ ಮಣ್ಣಿನ ಗೋಡೆ, ಹಂಚಿನ ಮಾಡು ಕೆಡವಿ ಸ್ಲ್ಯಾಬ್ ಹಾಕಿಸಿದಾಗ ತೊಲೆಯ ಸಂದಿಯ ಗೂಡುಗಳೂ ಹೋದವು. ಆ ಖರ್ಚಿನ ಪಾವತಿಗಳೆಲ್ಲ ನನ್ನ ಬಳಿ ಇವೆ. ಇನ್ನು ಮುಂದೆ ಕೊಳವೆಯಲ್ಲಿ ಬರೀ ಸಜ್ಜೆ, ನವಣೆ. ಶೇಂಗಾ ಬೇರೆ, ತೆಂಗಿನ ಚಿಪ್ಪಿನಲ್ಲಿ, ಪೇರಲ ಗಿಡದ ಬುಡಕ್ಕೆ, ದಿನಕ್ಕೆ ಹನ್ನೆರಡು. ಸಜ್ಜೆ ಕೆದರಿ ಕೆಳಗೆ ಚೆಲ್ಲುವ ತಮ್ಮ ರೂಢಿಯನ್ನು ಬಿಡಬೇಕಾಗಿಲ್ಲ. ಅದನ್ನು ಆರಿಸಲಿಕ್ಕೆ ಎರಡು ಬೆಳವ ಬರಲು ಹತ್ತಿವೆ, ಮನೆಯಾಕಿ ಅವಕ್ಕೆ ಹೆಸರನ್ನೂ ಇಟ್ಟಾಗಿದೆ.

ಒಪ್ಪಿಗೆ ತಿಳಿಸಬೇಕಾಗಿ ವಿನಂತಿ.

ಇಂತು ತಮ್ಮ ವಿಧೇಯ,
ಕಾಳಿನ ಡಬ್ಬಿಯ ಮಾಲೀಕ

ತಾ.ಕ.: ಈ ಪತ್ರವನ್ನು ನಿನ್ನೆ ಪೇರಲ ಗಿಡಕ್ಕೆ ಇಚಲಕರಂಜಿ ನೂಲಿನಿಂದ ಕಟ್ಟಿ ಬಂದಿದ್ದೆ. ಇವತ್ತು ನೋಡಿದರೆ ನೂಲು ಇಲ್ಲ, ಪತ್ರ ನೆಲದ ಮೇಲಿದೆ, ಕೆಳಗಿನ ಬಲಮೂಲೆ ಕಡಿದಿದೆ. ಪೋಚ್‌ಪಾವತಿ ಬಂದಿದೆ ಎಂದು ಬರೆದು ಫೈಲಿಗೆ ಹಾಕಿದ್ದೇನೆ.